ಶ್ರೀರಂಗಪಟ್ಟಣದ ಸೂರೆ ಮತ್ತು ಸಾರ್ಜೆಂಟ್ ಕಫ್

ಪತ್ತೇದಾರಿ ಕಾದಂಬರಿಯೆಂದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಓದುವ ಹುಡುಗರು ಅದನ್ನು ಪಠ್ಯಪುಸ್ತಕದ ನಡುವೆ ಇಟ್ಟು ಓದುವುದೂ ಉಂಟು. ಹುಡುಗರು ಮಲಗಿದ ಮೇಲೆ ಹಿರಿಯರೇ ಅದನ್ನು ಎತ್ತಿಕೊಂಡು ಕೂರುವುದೂ ಉಂಟು. 1952ರಲ್ಲಿ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಹೊರಬಂದ ಮೇಲೆ ಕನ್ನಡದಲ್ಲಿ ಇಂಥ ಪುಸ್ತಕಗಳಿಗೆ ಬರವೇ ಇಲ್ಲದಂತಾಯಿತು. ನಾಲ್ಕನೆಯ ತರಗತಿಯಷ್ಟೇ ಓದಿದ್ದ ಆ ಮಹನೀಯರು ನೂರಾರು ಕಾದಂಬರಿಗಳನ್ನು ಬರೆದು, ಕನ್ನಡ ಓದುವ ಅಭ್ಯಾಸವನ್ನು ಎಷ್ಟೋ ಮನೆಗಳಿಗೆ ಕೊಂಡೊಯ್ದರು.

ಇಂಥ ಕಥೆಗಳಿಗೂ ನಾಡಿನ ಚರಿತ್ರೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ಉಂಟು. ಇಂಗ್ಲಿಷಿನಲ್ಲಿ ಈ ಜಾತಿಯ ಮೊದಲ ಮಹಾ ಪುಸ್ತಕ ಯಾವುದೆಂದು ಹುಡುಕುತ್ತ ಹೋದರೆ, ಅದರ ಮೊದಲ ಪುಟಗಳಲ್ಲಿ ಲಂಡನ್ನಿನ ಮಂಜೂ ಇಲ್ಲ, ಶ್ರೀಮಂತರ ಹಳ್ಳಿಮನೆಯೂ ಇಲ್ಲ. ಅಲ್ಲಿರುವುದು ನಮ್ಮ ಶ್ರೀರಂಗಪಟ್ಟಣ. ದಿನ, 1799ನೆಯ ಇಸವಿ ಮೇ 4.

ಆ ಪುಸ್ತಕದ ಹೆಸರು ‘ಮೂನ್‌ಸ್ಟೋನ್’. ಬರೆದವನು ವಿಲ್ಕಿ ಕಾಲಿನ್ಸ್. 1868ರ ಜನವರಿಯಿಂದ ಆಗಸ್ಟ್ ತಿಂಗಳವರೆಗೆ ಅದು ಚಾರ್ಲ್ಸ್ ಡಿಕನ್ಸನ ‘ಆಲ್ ದ ಇಯರ್ ರೌಂಡ್’ ಎಂಬ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು. ಮುಗಿಯುವ ಮುನ್ನವೇ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದಕ್ಕಿಂತ ಹಿಂದೆ ಇಂಥ ಪ್ರಯತ್ನಗಳು ನಡೆದಿರಲಿಲ್ಲವೆಂದಲ್ಲ. ಆದರೂ ಕವಿ ಟಿ. ಎಸ್. ಎಲಿಯಟ್ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಇದಕ್ಕೇ ಅಗ್ರಸ್ಥಾನವನ್ನು ಕೊಟ್ಟನು. ಹೆಸರನ್ನು ಕನ್ನಡಿಸಿದರೆ ‘ಚಂದ್ರಕಾಂತ’ವೆನ್ನಬೇಕು, ಆದರೆ ಕಥೆಯೊಳಗಿನ ಕಲ್ಲು ಚಂದ್ರಕಾಂತ ಶಿಲೆಯಲ್ಲ, ಹಳದಿಯ ಕಾಂತಿಯುಳ್ಳ ದೊಡ್ಡದೊಂದು ವಜ್ರ.

ಕಥೆಗೆ ಹೋಗುವ ಮುಂಚೆ ಚರಿತ್ರೆಯ ಕಡೆಗೆ ಒಂದಿಷ್ಟು ನಡೆಯೋಣ. ಗಿರಿನಗರ, ಬನಶಂಕರಿ, ಜಯನಗರಗಳಲ್ಲಿ ಮನೆ ಮಾಡಿಕೊಂಡಿರುವ ನಿಮಗೆ ಕನಕಪುರದ ರಸ್ತೆ ಹೊಸದಲ್ಲ. 1799ರಲ್ಲಿ ಈ ಬಡಾವಣೆಗಳ ಹೆಸರೂ ಇರಲಿಲ್ಲ. ಇದ್ದುದು ಹೊಲ, ಕೆರೆ, ತೋಪು, ಅಲ್ಲೊಂದು ಇಲ್ಲೊಂದು ಹಳ್ಳಿ. ಆ ವರ್ಷದ ಮಾರ್ಚ್ ತಿಂಗಳ ನಡುವಿನಲ್ಲಿ ಜನರಲ್ ಹ್ಯಾರಿಸನ ಸೈನ್ಯ ಕೆಲಮಂಗಲದ ಕಡೆಯಿಂದ ಬಂದು, ಬೆಂಗಳೂರು ಕಣ್ಣಿಗೆ ಬೀಳುವಷ್ಟು ಹತ್ತಿರ ಬೀಡುಬಿಟ್ಟಿತು. ಊರನ್ನು ಮುಟ್ಟಲಿಲ್ಲ. ದಕ್ಷಿಣಕ್ಕೆ ಹೊರಳಿ, ಅಂದು ಕಾನಕಾನಹಳ್ಳಿಯೆನಿಸಿಕೊಂಡಿದ್ದ ಇಂದಿನ ಕನಕಪುರದ ದಾರಿ ಹಿಡಿಯಿತು. ಜತೆಯಲ್ಲಿ ಹೈದರಾಬಾದಿನ ನಿಜಾಮನ ದಂಡು. ಸಾಮಾನು ಹೊರುವುದಕ್ಕೆ ಸಾವಿರಗಟ್ಟಲೆ ಎತ್ತುಗಳು. ಧಾನ್ಯ ಮಾರುವ ಲಂಬಾಣಿ ವರ್ತಕರು. ಎತ್ತುಗಳಿಗೆ ಮೇವು ಸಿಕ್ಕಬಾರದೆಂದು ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಹುಲ್ಲಿಗೆ ಬೆಂಕಿಯಿಟ್ಟರು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗ ನಡೆಯಿತು. ಆಮೇಲೆ ಸೈನ್ಯ ಸೋಸಲೆಯ ಹತ್ತಿರ ಕಾವೇರಿಯನ್ನು ದಾಟಿ, ಏಪ್ರಿಲ್ ಮೊದಲ ವಾರದಲ್ಲಿ ಪಟ್ಟಣದ ಮುಂದೆ ನಿಂತಿತು. ಮಳೆಗಾಲ ಬಂದು ಹೊಳೆ ತುಂಬುವುದರೊಳಗೆ ಕೋಟೆ ಬೀಳಬೇಕು. ಇಲ್ಲವಾದರೆ ಹೊಟ್ಟೆಗಿಲ್ಲದೆ ಹಿಂದಿರುಗಬೇಕು. ಹ್ಯಾರಿಸನ ಅವಸರಕ್ಕೆ ಇದು ಕಾರಣ.

ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ, ಕೋಟೆಯ ಪಶ್ಚಿಮದ ಮೂಲೆಯಲ್ಲಿ ಬಿದ್ದಿದ್ದ ಬಿರುಕಿನತ್ತ ಸೈನ್ಯ ನುಗ್ಗಿತು. ಮುಂದಾಳು ಡೇವಿಡ್ ಬೇರ್ಡ್. ಈ ಮನುಷ್ಯನಿಗೆ ಶ್ರೀರಂಗಪಟ್ಟಣ ಪರಿಚಿತ ಊರು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೈಲಿಯ ಸೈನ್ಯವನ್ನು ಮುರಿದಾಗ ಸೆರೆ ಸಿಕ್ಕಿ, 1784ರವರೆಗೆ ಇದೇ ಊರಿನಲ್ಲಿ ಸಂಕೋಲೆ ತೊಟ್ಟಿದ್ದವನು. ಕೈದಿಗಳನ್ನು ಇಬ್ಬಿಬ್ಬರಂತೆ ಜೋಡಿಸಿ ಕಟ್ಟಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ, ತನ್ನ ಮಗನ ಜೋಡಿಯಾದ ಪಾಪದವನ ಗತಿ ಏನಾಯಿತೋ ಎಂದು ಮರುಗಿದಳೆಂದು ಹೇಳುತ್ತಾರೆ. ಮಗನ ಸ್ವಭಾವ ತಾಯಿಗೆ ಗೊತ್ತಿತ್ತು. ಪೊಳ್ಳಿಲೂರಿನ ಆ ಕಾಳಗದ ಚಿತ್ರವನ್ನು ದರಿಯಾ ದೌಲತ್ತಿನ ಗೋಡೆಯ ಮೇಲೆ ನೀವು ನೋಡಿಯೇ ಇರುತ್ತೀರಿ.

ಸಂಜೆಯ ಹೊತ್ತಿಗೆ ಕೋಟೆ ಇಂಗ್ಲಿಷರ ಕೈಯಲ್ಲಿತ್ತು. ಟಿಪ್ಪು ಸುಲ್ತಾನನ ದೇಹ ಬಾಗಿಲೊಂದರ ಬಳಿ ಹೆಣಗಳ ರಾಶಿಯ ನಡುವೆ ದೀಪದ ಬೆಳಕಿನಲ್ಲಿ ಸಿಕ್ಕಿತು. ಆ ರಾತ್ರಿ ಊರು ಸೂರೆಯಾಯಿತು.

ಕಾಲಿನ್ಸನ ಕಥೆ ತೊಡಗುವುದು ಆ ರಾತ್ರಿಯಲ್ಲಿ. ಅವನು ಕಲ್ಪಿಸಿದ ವಜ್ರ ಸೋಮನಾಥದ ಚಂದ್ರದೇವರ ಹಣೆಯಲ್ಲಿದ್ದುದಂತೆ. ಸೋಮನಾಥನೆಂದರೆ ಚಂದ್ರನಲ್ಲ, ಚಂದ್ರನನ್ನು ಮುಡಿದ ಶಿವನೆಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಕಾಲಿನ್ಸ್ ಭಾರತವನ್ನು ಕಣ್ಣಾರೆ ಕಂಡವನಲ್ಲ, ಈ ತಪ್ಪನ್ನು ಕ್ಷಮಿಸೋಣ. ಘಜ್ನಿಯ ಮಹಮೂದನ ಕೈಗೆ ಸಿಕ್ಕದೆ ಉಳಿದ ಆ ಕಲ್ಲು ಕಾಶಿಗೆ ಹೋಗಿ, ಔರಂಗಜೇಬನ ಕಾಲದಲ್ಲಿ ಸೂರೆಯಾಗಿ, ಕೈಯಿಂದ ಕೈಗೆ ದಾಟಿ, ಕೊನೆಗೆ ಟಿಪ್ಪುವಿನ ಕಠಾರಿಯ ಹಿಡಿಯಲ್ಲಿ ಕೂತಿತು. ಮೂವರು ಬ್ರಾಹ್ಮಣರು ತಲೆಮಾರಿನಿಂದ ತಲೆಮಾರಿಗೆ, ವೇಷ ಮರೆಸಿಕೊಂಡು, ಅದನ್ನು ಕಾಯುತ್ತ ಹಿಂಬಾಲಿಸುತ್ತಿದ್ದರು. ಕೋಟೆ ಬಿದ್ದ ರಾತ್ರಿ ಜಾನ್ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಆಯುಧಶಾಲೆಗೆ ನುಗ್ಗಿ ಆ ಮೂವರನ್ನೂ ಕೊಂದು ವಜ್ರವನ್ನು ಕಿಸೆಗೆ ಹಾಕಿಕೊಂಡನು. ಹಿಂದಿನಿಂದ ಬಂದ ಅವನ ದಾಯಾದಿ ಕಂಡದ್ದು, ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಕೊಲ್ಲುವುದನ್ನು ಮಾತ್ರ ಕಣ್ಣಾರೆ ಕಾಣಲಿಲ್ಲ. ಸಾಕ್ಷ್ಯವಿಲ್ಲ, ಆದ್ದರಿಂದ ದೂರೂ ಇಲ್ಲ. ಅವನು ಮಾಡಬಹುದಾದದ್ದು ಒಂದೇ: ಆ ಬಂಧುವಿನ ಕೈಕುಲುಕುವುದನ್ನು ಬಿಟ್ಟು, ಏಕೆ ಬಿಟ್ಟೆನೆಂಬುದನ್ನು ಮನೆಯವರಿಗೆ ಬರೆದು ತಿಳಿಸುವುದು.

ಲಂಡನ್ನಿನ ಕಾದಂಬರಿಕಾರನಿಗೆ ಶ್ರೀರಂಗಪಟ್ಟಣ ಎಲ್ಲಿಂದ ಸಿಕ್ಕಿತು? ಇದಕ್ಕೆ ಅವನ ಹೆಸರಿನಲ್ಲಿಯೇ ಒಂದು ಸುಳಿವು ಇದೆ. ಕಾಲಿನ್ಸನ ತಂದೆ ಚಿತ್ರಕಾರ. ಮಗನಿಗೆ ತನ್ನ ಸ್ನೇಹಿತನೂ ಪ್ರಖ್ಯಾತ ಚಿತ್ರಕಾರನೂ ಆದ ಸರ್ ಡೇವಿಡ್ ವಿಲ್ಕಿಯ ಹೆಸರನ್ನಿಟ್ಟನು. ವಿಲ್ಕಿಯೇ ಮಗುವಿನ ಧರ್ಮಪಿತ. ಈ ವಿಲ್ಕಿ, ಬೇರ್ಡನ ವಿಧವೆಯ ಕೋರಿಕೆಯಂತೆ, ಗೋಡೆ ತುಂಬುವಷ್ಟು ದೊಡ್ಡ ಚಿತ್ರವೊಂದನ್ನು ಬರೆದು 1839ರಲ್ಲಿ ಮುಗಿಸಿದನು. ಅದರ ವಿಷಯ, ಟಿಪ್ಪುವಿನ ದೇಹವನ್ನು ಬೇರ್ಡ್ ಪತ್ತೆಮಾಡಿದ್ದು. ಆಗ ಹುಡುಗ ಕಾಲಿನ್ಸನಿಗೆ ಹದಿನೈದು ವರ್ಷ. ಚಿತ್ರದಿಂದಲೇ ಕಾದಂಬರಿ ಹುಟ್ಟಿತೆಂದು ನಾನು ಹೇಳಲಾರೆ. ಆದರೆ ಧರ್ಮಪಿತನ ಕುಂಚದಲ್ಲಿ ಮೂಡಿದ ಶ್ರೀರಂಗಪಟ್ಟಣ ಆ ಹುಡುಗನಿಗೆ ಬರಿಯ ಭೂಪಟದ ಹೆಸರಾಗಿರಲಿಲ್ಲವೆನ್ನಲು ಅಡ್ಡಿಯಿಲ್ಲ. ಸಾಲದ್ದಕ್ಕೆ, ಇಂಗ್ಲಿಷ್ ಸಿಪಾಯಿಯನ್ನು ಕೆಡವಿ ಕೂತ ಟಿಪ್ಪುವಿನ ಮರದ ಹುಲಿ 1808ರಿಂದ ಲಂಡನ್ನಿನ ಕಂಪನಿ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಅದರ ಹಿಡಿ ತಿರುವಿ ಗರ್ಜನೆ ಕೇಳಿ ಬಂದವರು ಆ ಊರಿನಲ್ಲಿ ಬಹಳ ಮಂದಿ.

ಇನ್ನು ಆ ರಾತ್ರಿ ನಿಜವಾಗಿ ನಡೆದುದೇನು? ಕಾದಂಬರಿಯಲ್ಲಿ, ಸೂರೆ ಮಾಡಿದವರನ್ನು ನೇಣಿಗೆ ಹಾಕುವೆನೆಂದು ಬೇರ್ಡ್ ಡಂಗುರ ಸಾರಿಸುತ್ತಾನೆ. ಚರಿತ್ರೆಯಲ್ಲಿ ಆ ಕೆಲಸ ಬಿದ್ದುದು ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯ ಪಾಲಿಗೆ. ಮುಂದೆ ವಾಟರ್ಲೂ ಕದನವನ್ನು ಗೆದ್ದು ವೆಲ್ಲಿಂಗ್ಟನ್ ಎನಿಸಿಕೊಂಡವನು ಇವನೇ. ಊರಿನಲ್ಲಿ ಸೂರೆಯಾಗದ ಮನೆ ಉಳಿದಿಲ್ಲವೆಂದೇ ಹೇಳಬಹುದೆಂದೂ, ಸಿಪಾಯಿಗಳು ದಂಡಿನ ಬಜಾರಿನಲ್ಲಿ ಒಡವೆಗಳನ್ನೂ ಚಿನ್ನದ ಗಟ್ಟಿಗಳನ್ನೂ ಮಾರುತ್ತಿದ್ದಾರೆಂದೂ ಅವನು ಗವರ್ನರ್ ಜನರಲ್ ಆಗಿದ್ದ ತನ್ನ ಅಣ್ಣನಿಗೆ ಬರೆದನು. ನಾಲ್ವರನ್ನು ನೇಣಿಗೇರಿಸಿ, ಹಲವರಿಗೆ ಚಾವಟಿಯ ಏಟು ಕೊಡಿಸಿ, ಮೇ 5ರ ಸಂಜೆಯೊಳಗೆ ಊರನ್ನು ಹತೋಟಿಗೆ ತಂದನು. ಸುಲ್ತಾನನ ವಜ್ರದ ತೋಳ್ಬಂದಿಗಳನ್ನು ಸಿಪಾಯಿಯೊಬ್ಬ ಅಲ್ಪ ಬೆಲೆಗೆ ದಂಡಿನ ವೈದ್ಯನೊಬ್ಬನಿಗೆ ಮಾರಿದನೆಂಬ ಪ್ರಸಂಗ ಆ ಕಾಲದ ಅಧಿಕಾರಿಗಳ ಬರಹಗಳಲ್ಲಿ ಬರುತ್ತದೆ. ಕಲ್ಲು ಯಾವುದು, ಗಾಜು ಯಾವುದು ಎಂದು ತಿಳಿಯದವನಿಗೆ ವಜ್ರ ಸಿಕ್ಕರೆ ಹೀಗಾಗುವುದು ಸಹಜ.

ಆದರೆ ಸೂರೆಯ ದೊಡ್ಡ ಪಾಲು ನಡೆದದ್ದು ರಾತ್ರಿಯಲ್ಲಲ್ಲ, ಹಗಲಿನಲ್ಲಿ. ಕತ್ತಿ ಹಿಡಿದಲ್ಲ, ಲೆಕ್ಕದ ಪುಸ್ತಕ ಹಿಡಿದು. ಗೆದ್ದ ಕೋಟೆಯ ಭಂಡಾರವನ್ನು ಸೈನ್ಯಕ್ಕೆ ಹಂಚುವುದು ಅಂದಿನ ಇಂಗ್ಲಿಷ್ ಯುದ್ಧಗಳ ಕಟ್ಟಳೆ. ಅದಕ್ಕೆಂದೇ ಕೆಲವು ಅಧಿಕಾರಿಗಳ ಸಮಿತಿ ಕೂತು, ಅರಮನೆಯ ಭಂಡಾರವನ್ನು ಎಣಿಸಿ, ತೂಗಿ, ಬೆಲೆ ಕಟ್ಟಿತು. ಮೊತ್ತ ಸುಮಾರು 11 ಲಕ್ಷ ಪೌಂಡ್. ಅದರಲ್ಲಿ ಹ್ಯಾರಿಸನ ಪಾಲಿಗೆ 1 ಲಕ್ಷ 42 ಸಾವಿರಕ್ಕೂ ಮೀರಿ ಬಂದಿತು. ಬಿಳಿಯ ಸಿಪಾಯಿಗೆ ಸುಮಾರು 7 ಪೌಂಡ್. ನಮ್ಮ ಕಡೆಯ ಸಿಪಾಯಿಗೆ ಸುಮಾರು 5. ಟಿಪ್ಪುವಿನ ಚಿನ್ನದ ಹುಲಿಸಿಂಹಾಸನವನ್ನು ಇಡಿಯಾಗಿ ಯಾರಿಗೆ ಹಂಚುವುದು? ಅದನ್ನು ತುಂಡು ತುಂಡಾಗಿ ಒಡೆದರು. ಒಂದು ತೋಳ್ಬಂದಿಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡರೆ ಚಾವಟಿ, ಹೆಚ್ಚಾದರೆ ನೇಣು; ಸಿಂಹಾಸನವನ್ನೇ ಒಡೆದು ಹಂಚಿಕೊಂಡರೆ ರಸೀದಿ. ಈ ಎರಡರ ನಡುವಣ ಅಂತರ ಎಲ್ಲಿದೆಯೆಂದು ನೇಣಿನ ಕೆಳಗೆ ನಿಂತ ಆ ನಾಲ್ವರಿಗೆ ಹೊಳೆದಿರಲಾರದೆ?

ಈಗ ಕಾದಂಬರಿಗೆ ಹಿಂದಿರುಗಿದರೆ ಐವತ್ತು ವರ್ಷ ಕಳೆದಿದೆ. ಊರು ಇಂಗ್ಲೆಂಡಿನ ಯಾರ್ಕ್‌ಷೈರ್. ಮನೆ ವೆರಿಂಡರ್ ಎಂಬ ಶ್ರೀಮಂತ ಹೆಂಗಸಿನದು. ಹರ್ನ್‌ಕ್ಯಾಸಲ್ ಸಾಯುವಾಗ ವಜ್ರವನ್ನು ಸೋದರಸೊಸೆ ರೇಚಲಳಿಗೆ ಬರೆದಿಟ್ಟಿದ್ದನು. 1848ರ ಜೂನ್ 21, ಅವಳ ಹುಟ್ಟುಹಬ್ಬ. ಅಂದು ರಾತ್ರಿ ಅವಳು ವಜ್ರವನ್ನು ತೊಟ್ಟು ಊಟಕ್ಕೆ ಬರುತ್ತಾಳೆ. ಬೆಳಗಾಗುವುದರೊಳಗೆ ಅದು ಇಲ್ಲ. ಹಿಂದಿನ ಸಂಜೆ ಮೂವರು ಭಾರತೀಯರು ಗಾರುಡಿಗರ ವೇಷದಲ್ಲಿ ಮನೆಯ ಬಳಿ ಸುಳಿದಾಡಿದ್ದರು. ಇನ್ನೇನು ಬೇಕು? ಅವರನ್ನು ಹಿಡಿದು ಒಳಗೆ ಹಾಕಿದರು. ರಾತ್ರಿಯೆಲ್ಲ ಅವರು ಬೇರೆ ಕಡೆ ಇದ್ದರೆಂಬುದಕ್ಕೆ ಪುರಾವೆ ಇದ್ದರೂ, ಅಲೆಮಾರಿಗಳೆಂಬ ನೆಪದ ಮೇಲೆ ಒಂದು ವಾರ ಸೆರೆಯಲ್ಲಿಟ್ಟರು.

ಊರಿನ ಪೊಲೀಸ್ ಅಧಿಕಾರಿ ಸೀಗ್ರೇವ್ ಮನೆಯ ಆಳುಕಾಳುಗಳ ಪೆಟ್ಟಿಗೆಗಳನ್ನೆಲ್ಲ ತಡಕಿ, ಎಲ್ಲರ ಮನಸ್ಸನ್ನೂ ಕೆಡಿಸಿ, ಏನನ್ನೂ ಕಾಣದೆ ನಿಂತಿರುವಾಗ ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ನಮ್ಮ ಪತ್ತೇದಾರ ಪುರುಷೋತ್ತಮನ ಚುರುಕನ್ನು ನೆನೆದು ಈ ಮನುಷ್ಯನನ್ನು ನೋಡಿದರೆ ನಿಮಗೆ ನಿರಾಸೆಯಾದೀತು. ವಯಸ್ಸಾದವನು, ತಲೆ ನರೆತಿದೆ, ಮೈಯಲ್ಲಿ ಮೂಳೆಯಲ್ಲದೆ ಬೇರೇನಿಲ್ಲ, ಮುಖ ಕೊಡಲಿಯ ಬಾಯಿಯಂತೆ ತೆಳು. ಬಂದವನೇ ವಜ್ರದ ಮಾತೆತ್ತದೆ ಗುಲಾಬಿಯ ತೋಟ ನೋಡಲು ನಿಲ್ಲುತ್ತಾನೆ. ಪಾತಿಗಳ ನಡುವೆ ಜಲ್ಲಿ ಹಾಸುವುದು ಸರಿಯೋ ಹುಲ್ಲು ಬೆಳೆಸುವುದು ಸರಿಯೋ ಎಂದು ತೋಟದವನೊಂದಿಗೆ ವಾದ ಹೂಡುತ್ತಾನೆ. ಕಳ್ಳರ ಸಹವಾಸ ಸಾಕಾಗಿದೆ, ಕೆಲಸದಿಂದ ಬಿಡುಗಡೆ ಸಿಕ್ಕಿದರೆ ಗುಲಾಬಿ ಬೆಳೆಯುತ್ತ ಕೂತುಬಿಡುವೆನೆಂಬುದೇ ಅವನ ಕನಸು. ಆಮೇಲೆ ಬಂದ ಇಂಗ್ಲಿಷ್ ಕಥೆಗಳಲ್ಲಿ ನೀವು ಕಾಣುವ ಮುದಿ ಇನ್ಸ್‌ಪೆಕ್ಟರುಗಳು, ನಿವೃತ್ತಿಯ ಅಂಚಿನಲ್ಲಿ ನಿಂತು ನಿಟ್ಟುಸಿರಿಡುವವರು, ಇವನ ವಂಶಸ್ಥರೇ.

ಆದರೆ ಕೆಲಸಕ್ಕೆ ಕೂತಾಗ ಕಫನ ಕಣ್ಣಿನಿಂದ ಏನೂ ತಪ್ಪದು. ರೇಚಲಳ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣ ಬಳಿದಿತ್ತು. ಒಂದು ಕಡೆ ಅದು ಉಜ್ಜಿದಂತಾಗಿತ್ತು. ಯಾರೋ ಕೆಲಸದ ಹೆಂಗಸಿನ ಲಂಗ ತಾಗಿರಬೇಕೆಂದು ಸೀಗ್ರೇವ್ ಅದನ್ನು ಬಿಟ್ಟುಬಿಟ್ಟಿದ್ದ. ಕಫ್ ಬಿಡಲಿಲ್ಲ. ಬಣ್ಣ ಬಳಿದು ಮುಗಿಸಿದ್ದು ಮಧ್ಯಾಹ್ನ ಮೂರಕ್ಕೆ. ಅದು ಒಣಗಲು ಹನ್ನೆರಡು ಗಂಟೆ ಬೇಕು. ಮಧ್ಯರಾತ್ರಿಯಲ್ಲಿ ನೋಡಿದವರಿಗೆ ಕಲೆ ಕಂಡಿಲ್ಲ. ಅಂದಮೇಲೆ ಕಲೆ ಬಿದ್ದದ್ದು ಮಧ್ಯರಾತ್ರಿಗೂ ಬೆಳಗಿನ ಜಾವ ಮೂರಕ್ಕೂ ನಡುವೆ, ಮತ್ತು ಯಾರದೋ ಬಟ್ಟೆಗೆ ಆ ಬಣ್ಣ ಹತ್ತಿರಲೇಬೇಕು. ಆ ಬಟ್ಟೆ ಯಾರದು? ಪುಸ್ತಕವೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ. ಉತ್ತರವನ್ನು ನಾನು ಹೇಳಿಬಿಟ್ಟರೆ ನೀವು ನನ್ನನ್ನು ಕ್ಷಮಿಸಲಾರಿರಿ. ಇಷ್ಟು ಮಾತ್ರ ಹೇಳುವೆ: ಕಫ್ ಮೊದಲು ಸಂದೇಹಪಟ್ಟದ್ದು ತಪ್ಪಾಯಿತು. ಮನೆಯೊಡತಿ ಹಣ ಕೊಟ್ಟು ಅವನನ್ನು ಕಳುಹಿಸಿಬಿಟ್ಟಳು. ಅವನು ನಿವೃತ್ತನಾಗಿ ಡಾರ್ಕಿಂಗ್ ಎಂಬ ಊರಿನಲ್ಲಿ ಗುಲಾಬಿ ಬೆಳೆಯತೊಡಗಿದನು. ವರುಷ ಕಳೆದ ಮೇಲೆ ತನ್ನ ತಪ್ಪಿನ ಸಾಲ ತೀರಿಸಲು ತಾನಾಗಿಯೇ ಬಂದು, ಕಳ್ಳನ ಹೆಸರನ್ನು ಲಕೋಟೆಯಲ್ಲಿ ಬರೆದು ಅಂಟಿಸಿ ಕೊಟ್ಟನು. ಎರಡನೆಯ ಸಲ ತಪ್ಪಲಿಲ್ಲ.

ಈ ಕಫನಿಗೆ ಮೂಲವಾದ ಪುರುಷನೊಬ್ಬ ಇದ್ದನು. ಲಂಡನ್ ಪೊಲೀಸಿನಲ್ಲಿ ಎಂಟು ಮಂದಿಯ ಪತ್ತೇದಾರಿ ಶಾಖೆ ಹುಟ್ಟಿದ್ದು 1842ರಲ್ಲಿ. ಆ ಮೊದಲ ತಂಡದವರಲ್ಲಿ ಜೊನಾಥನ್ ವಿಚರ್ ಒಬ್ಬ. 1860ರ ಜೂನ್ ಕೊನೆಯಲ್ಲಿ ವಿಲ್ಟ್‌ಷೈರಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ನಾಲ್ಕು ವರ್ಷ ತುಂಬದ ಮಗು ಕೊಲೆಯಾಯಿತು. ಇನ್ಸ್‌ಪೆಕ್ಟರ್ ವಿಚರ್ ಹೋಗಿ ನೋಡಿ, ಮಗುವಿನ ಮಲಸೋದರಿ, ಹದಿನಾರರ ಹುಡುಗಿ ಕಾನ್‌ಸ್ಟೆನ್ಸ್ ಕೆಂಟಳ ಮೇಲೆ ಬೊಟ್ಟು ಮಾಡಿದನು. ಅವನಿಗಿದ್ದ ಆಧಾರ, ಅವಳ ರಾತ್ರಿಯ ನಿಲುವಂಗಿಗಳಲ್ಲಿ ಒಂದು ಕಾಣೆಯಾಗಿದ್ದುದು. ಒಬ್ಬ ತೋಟಗಾರನ ಮಗ ದೊಡ್ಡ ಮನೆತನದ ಹುಡುಗಿಯ ಮೈಬಟ್ಟೆಯನ್ನು ಎಣಿಸುವುದೆಂದರೇನು? ಪತ್ರಿಕೆಗಳು ಅವನನ್ನು ಹಳಿದುವು. ಹುಡುಗಿ ಮನೆಗೆ ಹೋದಳು. ವಿಚರ್ ಮನಸ್ಸು ಮುರಿದು, ಇನ್ನೂ ಐವತ್ತು ತುಂಬುವ ಮೊದಲೇ, 1864ರಲ್ಲಿ ನಿವೃತ್ತನಾದನು. ಮರುವರ್ಷ ಆ ಹುಡುಗಿ ತಾನೇ ಬಂದು ತಪ್ಪೊಪ್ಪಿಕೊಂಡಳು. ಕಾಲಿನ್ಸ್ ಈ ಪ್ರಕರಣದಿಂದ ನಿಲುವಂಗಿಯನ್ನು ತೆಗೆದುಕೊಂಡನು, ರಕ್ತದ ಜಾಗಕ್ಕೆ ಬಣ್ಣವನ್ನು ಇಟ್ಟನು. ಮುರಿದ ಇನ್ಸ್‌ಪೆಕ್ಟರನಿಗೆ ಮುಪ್ಪನ್ನೂ ಗುಲಾಬಿಯನ್ನೂ ಕೊಟ್ಟನು. ನನಗೆ ಇದು ಬಹಳ ಮೆಚ್ಚಿಗೆಯಾದ ಮಾತು. ನಿಜವಾದ ವಿಚರನಿಗೆ ಲೋಕ ಕೊಡದಿದ್ದ ಮರ್ಯಾದೆಯನ್ನು ಕಥೆಗಾರ ಕೊಟ್ಟಂತಾಯಿತು.

ಇಷ್ಟು ಜಾಣನಾದ ಕಫ್ ಒಂದು ಕೆಲಸವನ್ನು ಮಾತ್ರ ಮಾಡುವುದಿಲ್ಲ. ಯಾರ್ಕ್‌ಷೈರಿನ ಮನೆಯಿಂದ ವಜ್ರವನ್ನು ಕದ್ದವರು ಯಾರು ಎಂಬುದು ಅವನ ಪ್ರಶ್ನೆ. ಅದು ಆ ಮನೆಗೆ ಹೇಗೆ ಬಂದಿತು ಎಂಬುದಲ್ಲ. ಬಾಗಿಲಿನ ಬಣ್ಣಕ್ಕೆ ಗಂಟೆ ನಿಮಿಷಗಳ ಲೆಕ್ಕ ಉಂಟು. ಆಯುಧಶಾಲೆಯ ಮೂರು ಹೆಣಗಳಿಗೆ ಲೆಕ್ಕವಿಲ್ಲ. ಕಫನನ್ನು ದೂರಿ ಫಲವಿಲ್ಲ, ಅದು ಅವನ ಠಾಣೆಯ ಗಡಿಯಲ್ಲ. ಆದರೆ ಕಾಲಿನ್ಸನಿಗೆ ಅದು ತಿಳಿದಿತ್ತು. ತಿಳಿದೇ ಪುಸ್ತಕದ ಬಾಗಿಲಲ್ಲಿ ಶ್ರೀರಂಗಪಟ್ಟಣವನ್ನು ನಿಲ್ಲಿಸಿದನು; ಅಲ್ಲಿಂದ ಒಳಹೊಕ್ಕ ಓದುಗನಿಗೆ, ವೆರಿಂಡರ್ ಮನೆಯ ಜನ ‘ನಮ್ಮ ವಜ್ರ’ ಎಂದಾಗಲೆಲ್ಲ ಆ ಮಾತು ಕಿವಿಗೆ ಚುಚ್ಚುತ್ತದೆ.

ಕಾಲವನ್ನು ನೆನೆದರೆ ಇದು ಸಣ್ಣ ಧೈರ್ಯವಲ್ಲ. 1857ರ ದಂಗೆಯಾಗಿ ಹನ್ನೊಂದು ವರ್ಷ ಮಾತ್ರ ಕಳೆದಿತ್ತು. ಭಾರತೀಯರೆಂದರೆ ಕ್ರೂರಿಗಳೆಂಬ ಮಾತು ಇಂಗ್ಲೆಂಡಿನಲ್ಲಿ ಮನೆಮಾತಾಗಿತ್ತು. ಡಿಕನ್ಸನಂಥವನೇ ಕೋಪದಿಂದ ಕುದಿದಿದ್ದನು. ಅದೇ ಡಿಕನ್ಸನ ಪತ್ರಿಕೆಯಲ್ಲಿ ಕಾಲಿನ್ಸ್ ಕೊಲೆಗಡುಕನ ಪಟ್ಟವನ್ನು ಇಂಗ್ಲಿಷ್ ಅಧಿಕಾರಿಗೆ ಕಟ್ಟಿ, ನಿಷ್ಠೆಯ ಪಟ್ಟವನ್ನು ಮೂವರು ಬ್ರಾಹ್ಮಣರಿಗೆ ಕಟ್ಟಿದನು. ಅವರ ಕೈಗೂ ರಕ್ತ ಹತ್ತುತ್ತದೆ, ಅದನ್ನೂ ಅವನು ಮುಚ್ಚಿಡಲಿಲ್ಲ. ಇದನ್ನು ಬರೆಯುತ್ತಿದ್ದಾಗ ಅವನು ಕೀಲುನೋವಿನಿಂದ ನರಳುತ್ತ, ನೋವಿಗೆ ಅಫೀಮಿನ ದ್ರಾವಣವನ್ನು ಕುಡಿಯುತ್ತಿದ್ದನು. ಧಾರಾವಾಹಿಯ ನಡುವೆಯೇ, 1868ರ ಮಾರ್ಚಿನಲ್ಲಿ, ತಾಯಿ ತೀರಿಕೊಂಡಳು. ಕಂತು ಮಾತ್ರ ನಿಲ್ಲಲಿಲ್ಲ.

ಕಾದಂಬರಿಯ ಕೊನೆಯಲ್ಲಿ, 1850ರಲ್ಲಿ, ಕಾಠಿಯಾವಾಡದ ಬೆಟ್ಟವೊಂದರಲ್ಲಿ ಇಂಗ್ಲಿಷ್ ಪ್ರವಾಸಿಯೊಬ್ಬ ಬೆಳದಿಂಗಳ ಜಾತ್ರೆಯನ್ನು ನೋಡುತ್ತಾನೆ. ದೇವರ ಹಣೆಯಲ್ಲಿ ಆ ಹಳದಿ ಕಲ್ಲು ಮತ್ತೆ ಕೂತಿದೆ. ಸಮುದ್ರ ದಾಟಿ, ವೇಷ ತೊಟ್ಟು, ಜಾತಿ ಕಳೆದುಕೊಂಡ ಆ ಮೂವರು ಪ್ರಾಯಶ್ಚಿತ್ತಕ್ಕಾಗಿ ಮೂರು ದಿಕ್ಕಿಗೆ ನಡೆಯುತ್ತಾರೆ. ಬದುಕಿರುವತನಕ ಒಬ್ಬರ ಮುಖವನ್ನೊಬ್ಬರು ಕಾಣುವಂತಿಲ್ಲ. ಕಳವಿನ ಮಾಲು ಮೂಲ ಸ್ಥಾನಕ್ಕೆ ಸೇರಿತು. ಅದನ್ನು ಸೇರಿಸಿದ್ದು ಪೊಲೀಸರಲ್ಲ, ನ್ಯಾಯಾಲಯವೂ ಅಲ್ಲ.

ಪಟ್ಟಣದ ನಿಜವಾದ ಒಡವೆಗಳ ಕಥೆ ಬೇರೆ. ಸಿಂಹಾಸನದ ಹುಲಿಯ ತಲೆಯೂ ರತ್ನಖಚಿತವಾದ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಅದರ ಅಂಚಿನಲ್ಲಿದ್ದ ಸಣ್ಣ ಹುಲಿಮುಖಗಳಲ್ಲೊಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಮರದ ಹುಲಿ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಈಗ ಅದರ ಹಿಡಿಯನ್ನು ಬಂದವರಿಗೆ ತಿರುವಲು ಕೊಡುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಕೋಟೆ ಬಿರಿದ ಜಾಗದ ಬಳಿ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಕಲ್ಲುಕಂಬವಿದೆ. ಸುಲ್ತಾನನ ದೇಹ ಸಿಕ್ಕಿದ ಸ್ಥಳಕ್ಕೊಂದು ಗುರುತಿನ ಕಲ್ಲಿದೆ. ಟಿಪ್ಪುವಿನ ಶಯನಾಗಾರದಲ್ಲಿದ್ದುದೆಂದೂ, ಜಯದ ನೆನಪಿಗೆ ಸೈನ್ಯದವರು ಬೇರ್ಡನಿಗೆ ಅರ್ಪಿಸಿದ್ದೆಂದೂ ಹೇಳಲಾದ ಕತ್ತಿಯೊಂದು 2023ರ ಮೇ 23ರಂದು ಲಂಡನ್ನಿನ ಹರಾಜಿಗೆ ಬಂದಿತು. ಹರಾಜಿನ ಸುತ್ತಿಗೆ ಬಿದ್ದಾಗ, ಶುಲ್ಕವೆಲ್ಲ ಸೇರಿ, ಅದರ ಬೆಲೆ 1 ಕೋಟಿ 40 ಲಕ್ಷ ಪೌಂಡ್ ದಾಟಿತ್ತು. 1799ರಲ್ಲಿ ಇಡೀ ಪಟ್ಟಣಕ್ಕೆ ಸಮಿತಿಯವರು ಕಟ್ಟಿದ ಬೆಲೆ, ಅಂದಿನ ಪೌಂಡಿನ ಲೆಕ್ಕದಲ್ಲಿ, 11 ಲಕ್ಷ.